ಪುಟ್ಟ ಸಿಕ್ಕಿದ

“ಪುಟ್ಠಾ ಸರ್ಕಾ, ಬೇಟಿ,” ಎನ್ನುತ್ತಾ ಸುರಯ್ಯಾ ನೂರಿಯ ಹಿಂಭಾಗಕ್ಕೆ ಅಂಗೈಯಿಂದ ಮೆಲ್ಲಗೆ ತಟ್ಟಿದಳು.

ಬಿಳಿ ಕುದುರೆ ಅವಳ ಮಾತು ಕೇಳಿ ಗೋಡೆಯ ಕಡೆಗೆ ಸರಿದು ನಿಂತಿತು. ಸುರಯ್ಯಾ ಬಗ್ಗಿ ಲದ್ದಿಯನ್ನು ಬುಟ್ಟಿಗೆ ತುಂಬತೊಡಗಿದಳು. ಲಾಯದ ಬಾಗಿಲಲ್ಲಿ ನಿಂತಿದ್ದ ಕೋಕಿಲಾಳ ಕೈಯಲ್ಲಿನ ಚಹಾದ ಲೋಟ ಮಾತ್ರ ತುಟಿಯವರೆಗೆ ಬಂದದ್ದು ಅಲ್ಲೇ ನಿಂತುಬಿಟ್ಟಿತು.

“ಏನಂದ್ರಿ ಈಗ?”

“ಸರ್ಕೋ ಅಂದೆ. ಲದ್ದಿ ಮೇಲೇ ನಿಂತಿದ್ಲಲ್ಲ.”

“ಅದಲ್ಲ. ಅದಕ್ಕೆ ಮುಂಚೆ ಒಂದು ಮಾತು ಹೇಳಿದ್ರಿ.”

“ಪುಟ್ಠಾ?” ಸುರಯ್ಯಾ ಕುದುರೆಯ ಸೊಂಟದ ಹಿಂದೆ, ಬಾಲದ ಬುಡದವರೆಗೆ ದುಂಡಗೆ ಇಳಿದ ಮಾಂಸಖಂಡದ ಮೇಲೆ ಕೈ ಆಡಿಸಿದಳು. “ಇದಕ್ಕೆ ನಾವು ಪುಟ್ಠಾ ಅಂತೀವಿ ಅಕ್ಕಾ. ನಿಮ್ಮಲ್ಲಿ ಏನಂತೀರೋ ನಂಗೊತ್ತಿಲ್ಲ.”

ಕೋಕಿಲಾ ಲೋಟವನ್ನು ಗೂಡಿನಲ್ಲಿಟ್ಟು ಹುರುಳಿ ಮೂಟೆಯ ಮೇಲೆ ದೊಪ್ಪನೆ ಕುಳಿತಳು.

ಸುರಯ್ಯಾಳ ಗಂಡ ಅಕ್ತರ್ ಭಾಯ್ ಇದೇ ಲಾಯದಲ್ಲಿ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿ ವಾರವಾಗಿತ್ತು. ಅಂದಿನಿಂದ ಅವರ ತೊದಲು ನಾಲಿಗೆಯಲ್ಲಿ ಹೊರಟದ್ದು ಎರಡೇ ಮಾತು: “ಪುಟ್ಟ... ನೋಡಿ.” ಕೇಳಿದವರಿಗೆಲ್ಲ ಅದರ ಅರ್ಥ ಹಗಲಿನಷ್ಟು ಸ್ಪಷ್ಟವಾಗಿತ್ತು. ಹೊಡೆದವನ ಹೆಸರು ಪುಟ್ಟ.

ಬೆಂಗಳೂರಿನಲ್ಲಿ ಪುಟ್ಟನಿಗೇನು ಬರವೇ! ಸುರಯ್ಯಾ ಕೇಳಿಕೊಂಡದ್ದಕ್ಕೆ ಪತ್ತೆಗಿಳಿದ ಕೋಕಿಲಾ, ಕೆ.ಆರ್. ಪುರದಿಂದ ಹುಲ್ಲು ತರುವ ಪುಟ್ಟರಾಜುವನ್ನು ಹಿಡಿದು ಕೂರಿಸಿ ಕೇಳಿದ್ದಳು. ಪಾಪ, ಆ ಬೆಳಿಗ್ಗೆ ಅವನು ಹೆಂಡತಿಯ ಹೆರಿಗೆಗೆಂದು ಊರಿಗೆ ಹೋಗಿದ್ದ. ಹಲಸೂರಿನಲ್ಲಿ ಲಾಳ ಕಟ್ಟುವ ಪುಟ್ಟಸ್ವಾಮಿ ಪ್ರಶ್ನೆ ಕೇಳುತ್ತಿದ್ದಂತೆಯೇ ಗೋಳೋ ಎಂದು ಅತ್ತುಬಿಟ್ಟ. ಅವನಿಗೆ ಕಾಫಿ ಕುಡಿಸಿ, ಸಮಾಧಾನ ಹೇಳಿ, ಆಟೋ ಹತ್ತಿಸಿ ಕಳಿಸುವಷ್ಟರಲ್ಲಿ ಪತ್ತೇದಾರಿಣಿಗೇ ಸಾಕುಸಾಕಾಗಿತ್ತು. ಇಷ್ಟೂ ದಿನ ಪುಟ್ಟ ಇಲ್ಲೇ, ಅವಳ ಮೂಗಿನ ಮುಂದೆ, ಬಾಲ ಬೀಸುತ್ತ ನಿಂತಿದ್ದ.

“ಸುರಯ್ಯಾ, ನಿಮ್ಮ ಯಜಮಾನ್ರು ಹೇಳ್ತಿರೋದು ಮನುಷ್ಯನ ಹೆಸರಲ್ಲ ಕಣ್ರೀ. ಪುಟ್ಠಾ ನೋಡಿ ಅಂತಿದಾರೆ. ನೂರಿ ಪುಟ್ಠಾ.”

ಸುರಯ್ಯಾಳ ಕೈಯಿಂದ ಬುಟ್ಟಿ ಜಾರಿತು. “ಯಾ ಅಲ್ಲಾ! ಆದ್ರೆ... ನೋಡಿ ಅಂದ್ರಲ್ಲಾ ಅಕ್ಕಾ? ನಮ್ಮ ಜೊತೆ ಆದ್ರೆ ದೇಖೋ ಅಂತಾರೆ. ನೋಡಿ ಅಂದಿದ್ದಕ್ಕೇ ಇಡೀ ಮಾತು ಕನ್ನಡ ಅಂದ್ಕೊಂಡೆ. ನಿಮಗೇ ಹೇಳ್ತಿದಾರೆ ಅಂದ್ಕೊಂಡೆ.”

ಆ ಮಾತು ಕೋಕಿಲಾಳ ಮನಸ್ಸಿನಲ್ಲಿ ಎಲ್ಲೋ ಒಂದು ಕಡೆ ಚುಚ್ಚಿತು. ಆದರೆ ಅದನ್ನು ಕಿತ್ತು ನೋಡಲು ಈಗ ಹೊತ್ತಿರಲಿಲ್ಲ. ಇಳಿಹೊತ್ತಿನ ಅಸರ್ ನಮಾಜ್ ಮುಗಿದ ಮೇಲೆ ಲಾರಿ ಬರುವುದಿತ್ತು. ಅಕ್ತರ್ ಭಾಯ್ ಅವರ ತಮ್ಮ ಮುದಸ್ಸಿರ್ ಮಾತ್ರ ಪುಟ್ಟನ ಕಥೆ ನಂಬದೆ, ಒದ್ದದ್ದು ನೂರಿಯೇ, ಒದೆಯುವ ಕುದುರೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ ಎಂದು ತೀರ್ಮಾನಿಸಿಬಿಟ್ಟಿದ್ದ. ನೂರಿಯಂತೆ ಮದುವೆ ಮೆರವಣಿಗೆಗೆ ಬಾಡಿಗೆ ಹೋಗುವ ಕುದುರೆ ಅಲ್ಲಿಗೆ ಬೇಡವಾದರೆ ಹೋಗುವುದು ಊರಾಚೆಯ ಇಟ್ಟಿಗೆ ಗೂಡಿಗೆ. ಅಲ್ಲಿಂದ ಯಾವ ಕುದುರೆಯೂ ವಾಪಸು ಬಂದದ್ದನ್ನು ಈ ಗಲ್ಲಿಯಲ್ಲಿ ಯಾರೂ ನೋಡಿರಲಿಲ್ಲ.

“ಒದ್ದಿದ್ದು ನಿಜ ಆಗಿದ್ರೆ ನಾನೇ ಹಗ್ಗ ಬಿಚ್ಚಿ ಕೊಡ್ತಿದ್ದೆ,” ಎಂದಳು ಸುರಯ್ಯಾ, ನೂರಿಯ ಕತ್ತಿಗೆ ಹಣೆ ಆನಿಸಿ. “ತಾಯಿ ಸತ್ತ ಮರಿ ಇದು. ನನ್ನ ಮಗಳು ಲೈಬಾಗೆ ಹಾಲು ಕುಡಿಸಿದ್ದ ಬಾಟ್ಲಿಲೇ ಇದಕ್ಕೂ ಕುಡಿಸಿದೀನಿ. ನಾಳೆ ಅವ್ರು ಹುಷಾರಾಗಿ ಮನೆಗೆ ಬಂದು, ನೂರಿ ಎಲ್ಲಿ ಅಂತ ಕೇಳಿದ್ರೆ ಏನ್ ಹೇಳ್ಲಿ ಅಕ್ಕಾ?”

ಕೋಕಿಲಾ ಎದ್ದು ಕುದುರೆಯ ಬಳಿ ಬಂದಳು. ವಿಮಾ ಕಂಪನಿಯ ಜಾನುವಾರು ವಿಭಾಗದಲ್ಲಿ ಕೂದಲು ನರೆಯುವವರೆಗೂ ದುಡಿದವಳು ಅವಳು. ಸತ್ತ ಎಮ್ಮೆ, ಕುಂಟು ಎತ್ತುಗಳ ಸುಳ್ಳು ನಿಜ ಬಿಡಿಸಿದ ಕೈ ಅದು. ನೂರಿಯ ಪುಟ್ಠಾದ ಮೇಲೆ ಬೆರಳೂರಿ ಒತ್ತಿದಳು. ಬೆರಳು ಒಳಗೆ ಇಳಿಯಲೇ ಇಲ್ಲ.

ಇದು ಆಗಬಾರದ ಮಾತು. ಮಳೆಗಾಲದಲ್ಲಿ ಮುಂಗಾಲಿನ ನರ ಎಳೆದು ನೂರಿ ಕುಂಟಿದ್ದಳು. ಆಗಿನಿಂದ ಕಟ್ಟಿದ ಜಾಗ ಬಿಟ್ಟು ಕದಲಿಲ್ಲ ಎಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು. ಅಷ್ಟು ಕಾಲ ನಿಂತ ಕುದುರೆಯ ಹಿಂಭಾಗ ಜೋಲು ಬಿದ್ದಿರಬೇಕಿತ್ತು.

ಕೋಕಿಲಾ ಫೋನ್ ತೆಗೆದು ಶರ್ವಾಣಿಗೆ ಕರೆ ಮಾಡಿದಳು. “ಊಟ ಆಮೇಲೆ ಮಾಡುವಿಯಂತೆ. ಇರೋ ಹಾಗೇ ಶಿವಾಜಿನಗರಕ್ಕೆ ಬಾ, ಪುಟಾಣಿ.”

ಆಗಲೇ ಮಹಡಿ ಮೆಟ್ಟಿಲಿನ ಮೇಲೆ ಸದ್ದಾಯಿತು. ಒಂದು ಹೆಜ್ಜೆ ಭಾರ, ಒಂದು ಹಗುರ. ಮಗಳು ಲೈಬಾ ಬಿಸ್ಕತ್ತಿನ ತಟ್ಟೆ ಹಿಡಿದು ಇಳಿದು ಬರುತ್ತಿದ್ದಳು. ಚಿಕ್ಕಂದಿನಲ್ಲಿ ಬಸ್ಸಿಗೆ ಸಿಕ್ಕಿ ಅವಳ ಎಡಗಾಲು ಸೊರಗಿತ್ತು. ಕಾಲೇಜು ಮುಗಿಸಿದ ಹುಡುಗಿ, ಮಾತು ಕಡಿಮೆ. ಕೋಕಿಲಾಳ ಕೈ ಕುದುರೆಯ ಮೇಲಿರುವುದನ್ನು ಕಂಡು ತಟ್ಟೆಯನ್ನು ಕೊಟ್ಟವಳೇ ಸರಕ್ಕನೆ ಮೇಲೆ ಹೋದಳು.

*

ಶರ್ವಾಣಿ ಇಂದಿರಾನಗರದಿಂದ ಸ್ಕೂಟರಿನಲ್ಲಿ ಬಂದಳು. ಮೀನಿನ ಗಾಡಿ, ಬಟ್ಟೆ ಮೂಟೆ, ಕೋಳಿಯ ಪಂಜರ, ಇಷ್ಟರ ನಡುವೆ ನುಗ್ಗಿಸಿಕೊಂಡು ಬರುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು.

ಕುದುರೆಗಳ ಡಾಕ್ಟರು ಎಂದು ಕ್ಯಾಂಟೋನ್‌ಮೆಂಟಿನಲ್ಲೆಲ್ಲ ಹೆಸರು ಮಾಡಿದ್ದ ಈ ಹುಡುಗಿ ಕೋಕಿಲಾಳ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಎರಡು ಜಡೆಯ ಮಗು. ವಿಮಾ ಕಾಲೋನಿಯ ಮನೆಯಲ್ಲಿ ಕೋಕಿಲಾಳ ಮಗ್ಗುಲಲ್ಲೇ ಮಲಗಿ ಬೆಳೆದಳು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕ ದಿನ ಕೋಕಿಲಾ ಇಡೀ ಕಾಲೋನಿಗೆ ಮೈಸೂರು ಪಾಕ್ ಹಂಚಿದ್ದಳು. ಈಗಲೂ ಅವಳನ್ನು ಕಂಡರೆ ಚಿಕ್ಕಮ್ಮನ ಎದೆ ಹಿಗ್ಗುತ್ತದೆ, ಮುಚ್ಚುಮರೆ ಯಾಕೆ.

“ಕಾಲು ನೋವಾದಾಗ ಒಂದ್ಸಲ ನೋಡಿದ್ದೆ, ಆಮೇಲೆ ಈ ಕಡೆ ಬರೋಕೇ ಆಗ್ಲಿಲ್ಲ,” ಎನ್ನುತ್ತಾ ಶರ್ವಾಣಿ ಒಳಗೆ ಬಂದಳು. ನೂರಿ ಕಿವಿ ನೆಟ್ಟಗೆ ಮಾಡಿ ಮೆಲ್ಲಗೆ ಕೆನೆದಳು. ನಂತರ ಕತ್ತು ಚಾಚಿ ಡಾಕ್ಟರ ಕೋಟಿನ ಬಲಗಡೆಯ ಜೇಬಿಗೆ ಮೂತಿ ತೂರಿಸಿದಳು. ಶರ್ವಾಣಿ ನಕ್ಕು ಮೂತಿಯನ್ನು ಆಚೆ ಸರಿಸಿದಳು.

ವಾರದಿಂದ ಹೊರಗಿನವರು ಬಂದರೆ ಹಿಂದೆ ಸರಿಯುತ್ತಿದ್ದ ಕುದುರೆ ಇವಳಿಗೆ ಇಷ್ಟು ಬೇಗ ಒಲಿದದ್ದು ಕೋಕಿಲಾಳಿಗೆ ಖುಷಿಯೇ ಆಯಿತು. ನಮ್ಮ ಹುಡುಗಿಯ ಕೈಗುಣ ಅಂದುಕೊಂಡಳು.

ಶರ್ವಾಣಿ ಪುಟ್ಠಾವನ್ನು ಒತ್ತಿ, ತೊಡೆಯವರೆಗೆ ಬೆರಳಿಳಿಸಿ, ಮುಂಗಾಲನ್ನು ಎತ್ತಿ ಮಡಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಇವಳು ನಿಂತಿರೋ ಕುದುರೆ ಅಲ್ಲ ಚಿಕ್ಕಮ್ಮ.”

“ಹಂಗಂದ್ರೆ?”

“ಕುದುರೆ ಮೈ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಮಾಂಸಖಂಡದ್ದೇ. ಸುಮ್ನೆ ಕಟ್ಟಿಹಾಕಿದ್ರೆ ಅದು ಸೊರಗುತ್ತಾ ಬರುತ್ತೆ. ಇದು ನೋಡಿ, ಹೆಂಗೆ ತುಂಬ್ಕೊಂಡಿದೆ. ದಿನಾ ಕೆಲಸ ಮಾಡಿರೋ ಮೈ ಇದು.”

“ಓಡಿಸಿದಾರೆ ಅಂತೀಯಾ?”

“ಓಡಿಸಿದಾರೆ, ಆದ್ರೆ ರೇಸಿನ ಥರ ಅಲ್ಲ. ನಿಧಾನಕ್ಕೆ, ತುಂಬಾ ದೂರ. ಹಾಗೆ ಮಾಡ್ತಾ ಬಂದ್ರೆ ಮಾಂಸಖಂಡದ ಒಳಗಿನ ಎಳೆಗಳ ಸ್ವಭಾವನೇ ಬದಲಾಗುತ್ತೆ. ಭರ್ರಂತ ಓಡಿ ಬೇಗ ಸುಸ್ತಾಗೋ ಎಳೆಗಳಿರ್ತವಲ್ಲ, ಅವು ಸುಸ್ತಾಗದೆ ದುಡಿಯೋದನ್ನ ಕಲೀತವೆ. ಸುತ್ತ ಹೊಸ ಹೊಸ ಸಣ್ಣ ರಕ್ತನಾಳ ಹುಟ್ಕೊಳ್ತವೆ. ಒಂದೆರಡು ದಿನದಲ್ಲಿ ಆಗೋದಲ್ಲ ಇದು, ತಿಂಗಳುಗಟ್ಟಲೆ ಬೇಕು. ಯಾರೋ ತುಂಬ ಪ್ರೀತಿಯಿಂದ ಮಾಡಿದಾರೆ.”

“ಪ್ರೀತಿಯಿಂದ ಅಂತ ಮಾಂಸ ಮುಟ್ಟಿದ್ರೆ ಗೊತ್ತಾಗುತ್ತೇನೇ?”

ಶರ್ವಾಣಿ ಮುಂಗಾಲನ್ನು ಮೆಲ್ಲಗೆ ಕೆಳಗಿಟ್ಟಳು. “ಮಾಂಸ ಬೇಗ ಬಲಿಯುತ್ತೆ ಚಿಕ್ಕಮ್ಮ. ಕಾಲಿನ ನರಕ್ಕೆ ಅದಕ್ಕಿಂತ ಜಾಸ್ತಿ ಟೈಮ್ ಬೇಕು. ಮೈ ಗಟ್ಟಿಯಾಯ್ತು ಅಂತ ಅವಸರ ಮಾಡಿದೋರೆಲ್ಲ ಕುದುರೆ ಕಾಲೇ ಕೆಡಿಸಿದಾರೆ. ಇವ್ರು ಕಾಲಿಗೋಸ್ಕರ ಕಾದಿದಾರೆ.”

ಸುರಯ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರು ಕಾದರು, ಯಾವಾಗ ಕಾದರು, ಅವಳಿಗೆ ಒಂದೂ ಹೊಳೆಯಲಿಲ್ಲ. ಬೆಳಗಿನ ನಮಾಜ್ ಮುಗಿಸಿ ಫ್ರೇಜರ್ ಟೌನಿನ ಅಕ್ಕನ ಅಡುಗೆಮನೆಗೆ ಸಮೋಸ ಮಡಿಸಲು ಹೋದರೆ ಅವಳು ಮರಳುವುದು ಬಿಸಿಲೇರಿದ ಮೇಲೆಯೇ.

ಶರ್ವಾಣಿ ಗೂಟದ ಮೇಲಿದ್ದ ಗೋಣಿತಟ್ಟನ್ನು ತೆಗೆದು ನೂರಿಯ ಬೆನ್ನಿಗೆ ಹೊದಿಸಿದಳು. “ಸಾಕು ಬಿಡಿ, ಅವಳಿಗೂ ಬೇಜಾರು,” ಎಂದಳು.

ಇಷ್ಟು ಸೆಕೆಯಲ್ಲಿ ಕುದುರೆಗೆ ಗೋಣಿತಟ್ಟು! ಕೋಕಿಲಾ ಬಾಯಿ ತೆರೆದಳು, ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಲಾರಿಯ ಹಾರ್ನ್ ಕೇಳಿಸಿತು.

*

ಮುದಸ್ಸಿರ್ ಮುಂದೆ, ಹಗ್ಗ ಹಿಡಿದ ದಲ್ಲಾಳಿ ಹಿಂದೆ. ಬಟ್ಟೆ ವ್ಯಾಪಾರದ ಮುದಸ್ಸಿರ್ ಕೆಟ್ಟವನಲ್ಲ. ರಾತ್ರಿ ಹಗಲು ಅಣ್ಣನ ಹಾಸಿಗೆಯ ಪಕ್ಕ ಕೂತು ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

“ಭಾಬಿ, ಬಿಚ್ಚಿ,” ಎಂದ.

ಸುರಯ್ಯಾ ಹಗ್ಗದ ಗಂಟಿನ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಳು.

“ಮುದಸ್ಸಿರ್, ಐದು ನಿಮಿಷ,” ಎಂದಳು ಕೋಕಿಲಾ.

“ಮೇಡಂ, ನೀವು ಒಂದು ವಾರದಿಂದ ಯಾವುದೋ ಪುಟ್ಟನ್ನ ಹುಡುಕ್ತಾನೇ ಇದೀರ. ಸಿಕ್ಕಿದ್ನಾ?”

“ಸಿಕ್ಕಿದ. ಆಮೇಲೆ ಹೇಳ್ತೀನಿ. ಮೊದಲು ನೀವು ಹೇಳಿ, ನೂರಿ ಯಾಕೆ ಒದ್ದಳು?”

“ಇನ್ಯಾಕೆ? ತಿಂಗಳಾನುಗಟ್ಟಲೆ ಕತ್ತಲಲ್ಲಿ ಕಟ್ಟಿಹಾಕಿದ್ರೆ ಮನುಷ್ಯನಿಗೇ ತಲೆ ಕೆಡುತ್ತೆ, ಇದು ಮೂಕಪ್ರಾಣಿ. ಆ ಬೆಳಿಗ್ಗೆ ಇಲ್ಲಿ ಭೈಯ್ಯಾ, ಇದು, ಇಬ್ಬರೇ. ಮತ್ಯಾರೂ ಇರ್ಲಿಲ್ಲ.” ಅವನು ನೂರಿಯ ಕಡೆ ಒಮ್ಮೆ ನೋಡಿದ. “ನಂಗೇನು ಇದರ ಮೇಲೆ ದ್ವೇಷನಾ ಮೇಡಂ? ನನ್ನ ಮದುವೆಗೆ ಇದರ ತಾಯಿ ಮೇಲೆ ಬಂದೋನು ನಾನು.”

“ಶರ್ವಾಣಿ, ಕುದುರೇನ ಗಲ್ಲಿಗೆ ಕರ್ಕೊಂಡು ಬಾ.”

ಶರ್ವಾಣಿ ಗೋಣಿತಟ್ಟನ್ನೂ ತೆಗೆಯದೆ ನೂರಿಯನ್ನು ಹೊರಗೆ ತಂದಳು. ಗಲ್ಲಿ ಖಾಲಿ ಮಾಡಿಸುವುದು ಶಿವಾಜಿನಗರದಲ್ಲಿ ಸುಲಭವೇ? ತಳ್ಳುಗಾಡಿಗಳು ಗೊಣಗುತ್ತಾ ಹಿಂದೆ ಹೋದವು, ಕಿಟಕಿಗಳಲ್ಲಿ ತಲೆಗಳು ಮೂಡಿದವು. ಶರ್ವಾಣಿ ಹಗ್ಗ ಹಿಡಿದು ಓಡಿದಳು, ನೂರಿ ಅವಳ ಹೆಗಲಿಗೆ ಹೆಗಲು ಕೊಟ್ಟು ಕುಕ್ಕುಲೋಟದಲ್ಲಿ ಬಂದಳು. ಗೊರಸಿನ ಸದ್ದು ತಾಳ ತಪ್ಪಲಿಲ್ಲ. ಮಸೀದಿಯ ಮೂಲೆಯವರೆಗೆ ಹೋಗಿ, ತಿರುಗಿ, ಮತ್ತೆ ಹೋಗಿ, ಮತ್ತೆ ಬಂದರು. ಕೊನೆಗೆ ಡಾಕ್ಟರೇ ಸೊಂಟ ಹಿಡಿದು ಏದುಸಿರು ಬಿಡುತ್ತಾ ನಿಂತಳು. ಕುದುರೆ ಮೂಗರಳಿಸಿ ಸುತ್ತ ನೋಡಿತು, ಇನ್ನೂ ಇದೆಯಾ ಎಂಬಂತೆ.

ಶರ್ವಾಣಿ ಸ್ಟೆತಾಸ್ಕೋಪನ್ನು ನೂರಿಯ ಮೊಣಕೈ ಹಿಂದೆ ಇಟ್ಟು, ಕಿವಿಗಿಡುವ ತುದಿಗಳನ್ನು ಮುದಸ್ಸಿರ್‌ಗೆ ಕೊಟ್ಟಳು. “ಕೇಳಿ.”

ಅವನು ಅನುಮಾನದಿಂದಲೇ ಕಿವಿಗಿಟ್ಟುಕೊಂಡ. ಮೊದಲು ಹುಬ್ಬು ಗಂಟಾಯಿತು. ನಿಂತಂತೆಯೇ ಮೆಲ್ಲಗೆ ಸಡಿಲವಾಯಿತು.

“ನಿಧಾನ ಆಗ್ತಾ ಇದೆ,” ಎಂದ ಆಶ್ಚರ್ಯದಿಂದ.

“ಕಟ್ಟಿಹಾಕಿದ್ದ ಕುದುರೆ ಆಗಿದ್ರೆ ಇಷ್ಟು ಬೇಗ ಇಳೀತಿರ್ಲಿಲ್ಲ,” ಎಂದಳು ಶರ್ವಾಣಿ. “ತೊಡೆ ನಡುಗ್ತಿತ್ತು, ಬೆವರು ನೊರೆ ಬರ್ತಿತ್ತು.”

“ಅಂದ್ರೆ ಇವಳು ದಿನಾ ಹೊರಗೆ ಹೋಗಿದಾಳೆ,” ಎಂದಳು ಕೋಕಿಲಾ. “ಕತ್ತಲಲ್ಲಿ ನಿಂತು ಹುಚ್ಚು ಹಿಡಿದಿದೆ ಅನ್ನೋ ಮಾತು ಬಿಟ್ಬಿಡಿ.”

ಮುದಸ್ಸಿರ್ ಸ್ಟೆತಾಸ್ಕೋಪನ್ನು ಕಳಚಿ ಹಿಂದಕ್ಕೆ ಕೊಟ್ಟ. “ಹೊರಗೆ ಹೋದ ಕುದುರೆ ಒದೆಯಲ್ವಾ ಮೇಡಂ?”

“ಒದೆಯಬಹುದು. ಆದ್ರೆ ಇಬ್ಬರೇ ಇದ್ರು ಅಂದ್ರಲ್ಲ, ಅದು ಸುಳ್ಳಾಯ್ತು. ನಿಮ್ಮ ಅಣ್ಣ ಈ ವಯಸ್ಸಲ್ಲಿ, ಆ ಮಂಡಿ ನೋವಿನಲ್ಲಿ, ಕುದುರೆ ಹತ್ತಿ ಅಷ್ಟು ದೂರ ಹೋಗ್ತಿದ್ರಾ? ಇನ್ನೊಬ್ಬರು ಇದ್ದಾರೆ. ಬೆಳಿಗ್ಗೆ ಬೆಳಿಗ್ಗೆ ಇಲ್ಲಿಗೆ ಬರೋರು. ಆವತ್ತೂ ಬಂದಿರ್ತಾರೆ. ಅವರನ್ನ ಕೇಳದೆ ಈ ಕುದುರೇನ ಲಾರಿ ಹತ್ತಿಸಿದ್ರೆ, ನಿಮ್ಮಣ್ಣ ಹುಷಾರಾಗಿ ಬಂದಾಗ ನೀವೇ ಉತ್ತರ ಹೇಳಿ.”

ಮುದಸ್ಸಿರ್ ಲಾರಿಯ ಕಡೆ ತಿರುಗಿ ನೋಡಿದ. “ಯಾರು ಆ ಇನ್ನೊಬ್ಬರು? ತೋರಿಸಿ, ಲಾರಿ ವಾಪಸ್ ಕಳಿಸ್ತೀನಿ.”

ಕೋಕಿಲಾ ಗೋಣಿತಟ್ಟಿಗೆ ಕೈ ಹಾಕಿದಳು.

“ಬೆನ್ನು ಬೇಡ ಚಿಕ್ಕಮ್ಮ,” ಎಂದಳು ಶರ್ವಾಣಿ ಥಟ್ಟನೆ.

“ಯಾಕೆ?”

ಶರ್ವಾಣಿ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಕೋಕಿಲಾ ತಟ್ಟನ್ನು ಎಳೆದು ದಲ್ಲಾಳಿಯ ಕೈಗೆ ಕೊಟ್ಟು, ಜೀನು ಕೂರುವ ಜಾಗದಲ್ಲಿ ಬೆನ್ನುಹುರಿಯ ಎರಡೂ ಕಡೆ ಅಂಗೈಯಿಟ್ಟಳು. ಎಡಗಡೆ ತುಂಬಿಕೊಂಡಿತ್ತು. ಬಲಗಡೆ ಅದೇ ಜಾಗ ಒಳಕ್ಕೆ ತಗ್ಗಾಗಿತ್ತು.

ಪುಟ್ಠಾ ಎರಡೂ ಕಡೆ ಸಮ, ಬೆನ್ನು ಮಾತ್ರ ಹೀಗೆ. ಇದು ಕುದುರೆಯ ದೋಷವಲ್ಲ, ಸವಾರರದ್ದು. ದಿನವೂ ಬಲಗಡೆಗೇ ಭಾರ ಹಾಕಿ ಕೂತವರ ಗುರುತು. ಜೀನಿನಿಂದ ಇಳಿಬಿದ್ದ ರಿಕಾಪಿನಲ್ಲಿ ಎಡಗಾಲನ್ನು ಊರಲಾಗದವರು ಹಾಗೆ ಕೂರುತ್ತಾರೆ.

ಕೋಕಿಲಾ ತಲೆಯೆತ್ತಿದಳು. ಮಹಡಿಯ ಕಿಟಕಿಯಲ್ಲಿ ಲೈಬಾ ನಿಂತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಕೋಕಿಲಾಳಿಗೆ ಗೆದ್ದ ಖುಷಿ ಆಗಲೇ ಇಲ್ಲ. ಆ ಮಗುವಿನ ಗುಟ್ಟನ್ನು ಗಲ್ಲಿಯ ನಡುವೆ ಬಿಚ್ಚಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ತನ್ನ ಬಾಯಿಂದ ಹೆಸರು ಹೇಳಬಾರದು ಎಂದುಕೊಂಡು ಬೆನ್ನ ಮೇಲಿನ ಕೈ ತೆಗೆದಳು.

ಅದರ ಅಗತ್ಯವೂ ಬರಲಿಲ್ಲ. ಮೆಟ್ಟಿಲ ಮೇಲೆ ಸದ್ದು ಕೇಳಿಸಿತು. ಒಂದು ಭಾರ, ಒಂದು ಹಗುರ.

“ನಾನು ಚಾಚಾ,” ಎಂದಳು ಲೈಬಾ. “ನೂರಿ ಮೇಲೆ ಹೋಗ್ತಿದ್ದಿದ್ದು ನಾನು.”

ದಲ್ಲಾಳಿ ಸುಮ್ಮನೆ ಒಂದು ಹೆಜ್ಜೆ ಹಿಂದೆ ಸರಿದ.

“ಅಬ್ಬಾನೇ ಕಲಿಸಿದ್ರು. ಅಮ್ಮಿ ಆಚೆ ಹೋದ್ಮೇಲೆ. ಬೆನ್ಸನ್ ಟೌನ್ ಕಡೆ ರೋಡ್ ಖಾಲಿ ಇರುತ್ತೆ, ಮೊದಮೊದಲು ಅಲ್ಲೇ ನಡೆಸ್ತಿದ್ದೆ. ಅಬ್ಬಾ ಹಿಂದೆ ಮೊಪೆಡ್‌ನಲ್ಲಿ ಬರ್ತಿದ್ರು. ನೂರಿ ಕಾಲು ಸರಿಹೋದ್ಮೇಲೆ ಹಲಸೂರು ಕೆರೆ ಆಚೆ ಮಣ್ಣಿನ ದಾರಿ. ಬುರ್ಖಾ ಹಾಕ್ಕೊಂಡೇ ಹೋಗ್ತಿದ್ದೆ, ಯಾರಿಗೂ ಗೊತ್ತಾಗ್ಲಿಲ್ಲ.” ಅವಳು ತಾಯಿಯ ಕಡೆ ನೋಡದೆ, ನೂರಿಯ ಹಣೆಯನ್ನೇ ನೋಡುತ್ತಾ ಮಾತಾಡಿದಳು. “ಕೆಳಗೆ ನಡೆದ್ರೆ ಎಲ್ರೂ ನನ್ನ ಕಾಲು ನೋಡ್ತಾರೆ. ಮೇಲೆ ಕೂತ್ರೆ ನಾಲ್ಕು ಒಳ್ಳೆ ಕಾಲು ನನ್ನವೇ. ವಾಪಸ್ ಬಂದ ಕೂಡ್ಲೇ ಅಬ್ಬಾ ಪುಟ್ಠಾ ತಟ್ಟಿ ನೋಡೋರು. ‘ಭರ್ ರಹಾ ಹೈ ಬೇಟಾ, ತುಂಬ್ತಾ ಇದೆ’ ಅನ್ನೋರು. ನನಗಿಂತ ಜಾಸ್ತಿ ಖುಷಿ ಅವರಿಗೆ.”

ಸುರಯ್ಯಾ ಮಗಳ ಹತ್ತಿರ ಬಂದಳು. ಗಲ್ಲಿಯ ಕಿಟಕಿಗಳೆಲ್ಲ ಉಸಿರು ಬಿಗಿಹಿಡಿದವು. ಬೈಗುಳ ಬರುತ್ತದೆ, ಇಲ್ಲವೇ ಏಟು ಬೀಳುತ್ತದೆ ಎಂದು ಎಲ್ಲರೂ ಅಂದುಕೊಂಡಿರಬೇಕು. ಸುರಯ್ಯಾ ಮಗಳ ಎಡ ಮೊಣಕಾಲನ್ನು ಮುಟ್ಟಿ ನೋಡಿದಳು, ಆಮೇಲೆ ಮೊಣಕೈಗಳನ್ನು.

“ಎಲ್ಲೂ ಬಿದ್ದಿಲ್ವಲ್ಲಾ?” ಎಂದಳು.

ಲೈಬಾ ಇಲ್ಲ ಎಂದು ತಲೆಯಾಡಿಸಿದಳು. ಹಾಗೆ ತಲೆಯಾಡಿಸುತ್ತಲೇ ಅಮ್ಮನ ಹೆಗಲಿಗೆ ಒರಗಿ ಅತ್ತಳು. ಮುದಸ್ಸಿರ್ ಮುಖ ತಿರುಗಿಸಿ ದಲ್ಲಾಳಿಗೆ ಹೋಗು ಎಂದು ಕೈ ಬೀಸಿದ. ಲಾರಿ ಹಿಂದಕ್ಕೆ ಹೋಗಲು ಪರದಾಡಿ, ಬೈಗುಳ ತಿಂದು, ಕೊನೆಗೂ ಗಲ್ಲಿ ದಾಟಿತು. ನೂರಿ ಉಳಿದಳು.

*

ಶರ್ವಾಣಿ ನೂರಿಯ ಮೈ ಆರಿಸಲು ಗಲ್ಲಿಯ ಉದ್ದಕ್ಕೂ ಮೆಲ್ಲಗೆ ನಡೆಸುತ್ತಿದ್ದಳು. ಸುರಯ್ಯಾ ಚಹಾಕ್ಕೆ ಹಾಲು ಕಾಯಿಸಲು ಮೇಲೆ ಹೋದಳು. ಲಾಯದಲ್ಲಿ ಉಳಿದವರು ಕೋಕಿಲಾ ಮತ್ತು ಲೈಬಾ ಇಬ್ಬರೇ.

“ಆವತ್ತು ಬೆಳಿಗ್ಗೆಯೂ ಹೋಗಿದ್ಯಾ ಮಗಳೇ?”

“ಹೋಗಿದ್ದೆ ಆಂಟಿ. ವಾಪಸ್ ಬಂದು ನೂರೀನ ಕಟ್ಟಿ ನಾನು ಸ್ನಾನಕ್ಕೆ ಮೇಲೆ ಹೋದೆ. ಅಬ್ಬಾ ಮಾಲಿಶ್ ಮಾಡ್ತಾ ಇಲ್ಲೇ ಇದ್ರು. ಕೆಳಗೆ ಬರೋ ಅಷ್ಟರಲ್ಲಿ ಬಿದ್ದಿದ್ರು.” ಅವಳು ನೂರಿಯ ಖಾಲಿ ಗೂಟವನ್ನು ಹಿಡಿದುಕೊಂಡಳು. “ನೂರಿ ಒದ್ದಿಲ್ಲ ಅಂತ ನಂಗೆ ಗೊತ್ತಿತ್ತು. ಹೇಳಿದ್ರೆ ನಾನು ಹೋಗ್ತಿದ್ದಿದ್ದೂ ಹೇಳ್ಬೇಕಾಗಿತ್ತು. ಬಾಯಿ ಬರ್ಲಿಲ್ಲ.”

“ಒದ್ದಿಲ್ಲ ಅಂತ ಹೇಗೆ ಗೊತ್ತು?”

“ಯಾರೋ ಬಂದಿದ್ರು. ಅಬ್ಬಾ ಮಾತಾಡೋದು ಬಚ್ಚಲಿಗೆ ಕೇಳಿಸ್ತು. ನೂರಿ ಒದ್ದಿದ್ರೆ ಅವರು ನಮ್ಮನ್ನ ಕೂಗ್ತಿದ್ರಲ್ವಾ?”

“ಯಾರ ಜೊತೆ?”

“ನೋಡ್ಲಿಲ್ಲ. ಬಂದೋರ ದನಿ ಕೇಳಿಸ್ಲಿಲ್ಲ. ಅಬ್ಬಾ ಕನ್ನಡದಲ್ಲಿ ಮಾತಾಡ್ತಿದ್ರು.”

ಆಗ ಎಲ್ಲೋ ಚುಚ್ಚಿದ್ದು ಈಗ ಪೂರ್ತಿ ಮೇಲೆದ್ದು ಬಂತು. ಮನೆಯವರಿಗೆ ದೇಖೋ ಎನ್ನುವ ಮನುಷ್ಯ ಆಸ್ಪತ್ರೆಯಲ್ಲಿ ಹೆಂಡತಿ ಮಗಳ ಎದುರು “ನೋಡಿ” ಎನ್ನುತ್ತಿದ್ದಾರೆ. ಅದು ಕೋಕಿಲಾಳಿಗೆ ಹೇಳಿದ ಮಾತೇ ಅಲ್ಲ. ಬಿದ್ದ ಗಳಿಗೆಯಲ್ಲಿ ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿದುಬಿಟ್ಟಿದೆ. ಎದುರಿಗಿದ್ದ ಯಾರಿಗೋ, ಕನ್ನಡದವರಿಗೆ, ಬಹುವಚನ ಕೊಟ್ಟು ಮಾತಾಡಿಸಬೇಕಾದವರಿಗೆ ಹೇಳುತ್ತಿದ್ದ ಮಾತು.

“ಏನಂದ್ರು ಅಬ್ಬಾ? ಒಂದು ಮಾತಾದ್ರೂ ನೆನಪಿದೆಯಾ?”

ಲೈಬಾ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಇದೆ. ಖುಷಿಯಾಗಿ ಹೇಳಿದ್ರು. ‘ಬನ್ನಿ ಡಾಕ್ಟ್ರಮ್ಮಾ, ಪುಟ್ಠಾ ನೋಡಿ’ ಅಂದ್ರು.” ಕೋಕಿಲಾಳ ಮುಖ ನೋಡಿ ಹುಡುಗಿಗೆ ಹೆದರಿಕೆಯಾಯಿತು. “ಅವರೇ ಅಂತ ನಾನು ಹೇಳ್ತಿಲ್ಲ ಆಂಟಿ. ಕುದುರೆ ಡಾಕ್ಟ್ರು ಬೇಕಾದಷ್ಟು ಜನ ಇರ್ತಾರೆ. ಅವರು ಒಂದೇ ಸಲ ಬಂದಿದ್ದಲ್ವಾ?”

“ಹೌದಮ್ಮಾ,” ಎಂದಳು ಕೋಕಿಲಾ. “ಒಂದೇ ಸಲ ಅಂತಲೇ ಹೇಳಿದಾಳೆ.”

ಗೊರಸಿನ ಸದ್ದು ಹತ್ತಿರ ಬಂತು. ಶರ್ವಾಣಿ ನೂರಿಯನ್ನು ಒಳಗೆ ತಂದು ಗೂಟಕ್ಕೆ ಕಟ್ಟಿದಳು. ಜಡೆ ಬಿಚ್ಚಿಹೋಗಿತ್ತು, ಹಣೆಯ ಮೇಲೆ ಬೆವರಿತ್ತು. ಓಡಿ ಬಂದ ಚಿಕ್ಕ ಹುಡುಗಿಯ ಹಾಗೆಯೇ ಕಾಣುತ್ತಿದ್ದಳು. ಬೆನ್ನು ಬೇಡ ಎಂದದ್ದು ಲೈಬಾಳನ್ನು ಕಾಪಾಡಲು ಎಂದು ಕೋಕಿಲಾಳಿಗೆ ಈಗ ಅರ್ಥವಾಗಿತ್ತು. ಆದರೆ ಲೈಬಾ ಸವಾರಿ ಮಾಡುವುದು ಇವಳಿಗೆ ಗೊತ್ತಿದ್ದುದಾದರೂ ಹೇಗೆ? ಕಾಲಿನ ನರಕ್ಕಾಗಿ ಕಾದರು ಎಂದು ಅಷ್ಟು ಖಚಿತವಾಗಿ ಹೇಳಿದ್ದು ಹೇಗೆ?

ನೂರಿ ಕತ್ತು ಚಾಚಿ ಮತ್ತೆ ಅದೇ ಬಲಗಡೆಯ ಜೇಬಿಗೆ ಮೂತಿ ತೂರಿಸಿದಳು. ಈ ಸಲ ಶರ್ವಾಣಿ ತಡೆಯಲಿಲ್ಲ. ಜೇಬಿನಿಂದ ಅಚ್ಚುಬೆಲ್ಲದ ಒಂದು ತುಂಡು ತೆಗೆದು ಅಂಗೈಯಲ್ಲಿ ಹಿಡಿದಳು. ಕುದುರೆ ತನ್ನ ಪಾಲು ತನಗೆ ಸಂದಿತೆಂಬಂತೆ ಕಣ್ಣು ಅರೆಮುಚ್ಚಿ ಕಡಿಯತೊಡಗಿತು.

ಕೋಕಿಲಾ ಹತ್ತಿರ ಹೋಗಿ ಶರ್ವಾಣಿಯ ಹಣೆಯ ಬೆವರನ್ನು ತನ್ನ ಸೆರಗಿನಿಂದ ಒರೆಸಿದಳು.

“ಪುಟಾಣಿ,” ಎಂದಳು, “ನಿನ್ನ ಜೇಬಲ್ಲಿ ಬೆಲ್ಲ ಇರುತ್ತೆ ಅಂತ ನೂರಿಗೆ ಯಾರಮ್ಮಾ ಹೇಳಿದ್ದು?”